ಹತ್ತು ಮೀಟರ್

ಮೂವತ್ತೆಂಟು ಸಾವಿರ ಪೆಸೊ ಹೆಚ್ಚು. ಅಷ್ಟೇ ವ್ಯತ್ಯಾಸ.
ಒಂದು ಲಿಥಿಯಂ ಪೆಟ್ಟಿಗೆ ಮೂಕ,
ಇನ್ನೊಂದಕ್ಕೆ ಬ್ಲೂಟೂತ್.
ಎರಡನ್ನೂ ದೋಣಿಯಲ್ಲಿ ತಂದಿದ್ದೆ, ಟಾರ್ಪಾಲಿನಡಿ,
ಈರುಳ್ಳಿ ಮೂಟೆಗೆ ಒರಗಿಸಿ,
ಒಂಬತ್ತು ಗಂಟೆಯ ದಾರಿ,
ಚಿಲಿಯ ನಕ್ಷೆ ಹರಿದ ಸೆರಗಿನಂತೆ
ಕಡಲಿಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುವ ಕಡೆಗೆ.

ಹಲಗೆಹಾದಿಯ ಮೇಲೆ ನಿಂತು
ಎದೆಲ್ಮೀರಾ ಕಾರ್ಕಮೊ ಕೇಳಿದಳು:
"ಮಾತಾಡುವುದಕ್ಕೆ ಬೇರೆ ದುಡ್ಡೇ?"
ನಾನು ಮಾರುವವನ ಬಾಯಿ ತೆರೆದೆ:
ಫೋನಿನಲ್ಲೇ ಕಾಣುತ್ತದೆ, ಎಷ್ಟು ತುಂಬಿತು, ಎಷ್ಟು ಇಳಿಯಿತು,
ಒಳಗಿನ ನಾಲ್ಕು ಕೋಶಗಳಲ್ಲಿ ಯಾವುದು ಬಳಲಿದೆ,
ಚಳಿ ಎಷ್ಟು. ಸೊನ್ನೆಗಿಂತ ಕೆಳಗಿಳಿದರೆ
ಚಾರ್ಜು ಕುಡಿಸಬಾರದು, ನಂಜಾಗುತ್ತದೆ.
"ಎಷ್ಟು ದೂರದಿಂದ ಕಾಣುತ್ತದೆ?"
ಹತ್ತು ಮೀಟರ್. ಗೋಡೆ ಅಡ್ಡ ಬಂದರೆ ಆರು.
ಅವಳು ನಕ್ಕಳು, ಮುಂದಿನೆರಡು ಹಲ್ಲಿಲ್ಲದ ನಗು.
"ಅಷ್ಟು ಹತ್ತಿರವಿದ್ದರೆ
ನಾನೇ ಹೋಗಿ ಮುಟ್ಟಿ ನೋಡುತ್ತೇನಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಮಾರಲು ಬಂದವನು ನಾನು.
ಮೂಕ ಪೆಟ್ಟಿಗೆಯನ್ನೇ ಜೋಡಿಸಿ ಹೊರಟೆ.

ಆದರೆ ಈ ಹುಣ್ಣು ಅಂಗೈಯದಲ್ಲ.
ಹಳೆಯ ಸೀಸದ ಬ್ಯಾಟರಿಗೆ ಕೈ ಸಾಕಿತ್ತು, ಮೂಗು ಸಾಕಿತ್ತು.
ಗೊರಗೊರ ಎನ್ನುತ್ತಿತ್ತು, ಹುಳಿ ನಾರುತ್ತಿತ್ತು,
ಸಂಜೆಯ ಬಲ್ಬು ದಿನದಿನಕ್ಕೆ
ಕುಂಬಳದ ತಿರುಳಿನ ಬಣ್ಣಕ್ಕೆ ತಿರುಗುತ್ತಿತ್ತು.
ಒಂದು ತಿಂಗಳು ಮೊದಲೇ ಎಲ್ಲರಿಗೂ ಹೇಳಿ
ನರಳಿ ನರಳಿ ಸಾಯುತ್ತಿತ್ತು.
ಲಿಥಿಯಂ ಹಾಗಲ್ಲ.
ತುಂಬಿದಾಗಲೂ ಹದಿಮೂರು ಚಿಲ್ಲರೆ ವೋಲ್ಟು,
ಮುಕ್ಕಾಲು ಬರಿದಾದಾಗಲೂ ಹದಿಮೂರು ಚಿಲ್ಲರೆ.
ಕೊನೆಯ ತುತ್ತಿನವರೆಗೂ ಅದೇ ಮುಖ, ಅದೇ ಬೆಳಕು.
ಆಮೇಲೆ,
ಟಕ್.

ಜುಲೈ. ಐದಕ್ಕೇ ಕತ್ತಲು.
ಸೂರ್ಯ ಬೆಟ್ಟದ ಹಿಂದೆ ನಡು ಬಗ್ಗಿಸಿಕೊಂಡು ಹಾದುಹೋಗುವ ಕಾಲ.
ರೇಡಿಯೊದಲ್ಲಿ ಅವಳ ದನಿ:
"ಸತ್ತಿತು. ಒಂದು ಮಾತೂ ಆಡದೆ."
ಫ್ರೀಜರಿನಲ್ಲಿ ನಲವತ್ತು ಕಿಲೊ ಮೀನು,
ಗುರುವಾರದ ವ್ಯಾಪಾರಿಗೆಂದು ಇಟ್ಟದ್ದು.
ಕಡಲಹಕ್ಕಿಗಳಿಗೆ ಹಬ್ಬವಾಯಿತು.

ಬ್ಲೂಟೂತ್ ಇದ್ದಿದ್ದರೆ ಉಳಿಯುತ್ತಿತ್ತೇ?
ದೋಣಿಯುದ್ದಕ್ಕೂ ಇದನ್ನೇ ಮಗುಚಿ ಹಾಕಿದೆ.
ನೋಡಿದ್ದರೆ, ಹೌದು.
ಮೂರನೇ ಕೋಶ ವಾರದಿಂದಲೇ ಹಿಂದೆ ಬಿದ್ದಿರಬೇಕು,
ಗುಂಪು ತಪ್ಪಿದ ಕುರಿಯಂತೆ.
ಆದರೆ ಯಾರು ನೋಡುತ್ತಾರೆ,
ಮೀನು ಸೀಳುವ ಕೈಯಲ್ಲಿ ಫೋನು ಹಿಡಿದು?
ಇನ್ನೂ ಒಂದು ನಿಜ ಹೇಳುತ್ತೇನೆ.
ಒಲೆಯ ಮೇಲಿನ ಗೋಡೆಗೆ ತಂತಿ ಎಳೆದು
ಬಂದದ್ದು ಹೋದದ್ದು ಎಣಿಸುವ
ಒಂದು ಸಣ್ಣ ಮೀಟರು ಮೊಳೆ ಹೊಡೆದಿದ್ದರೆ
ಖಾಲಿಯಾಗುತ್ತಿದೆ ಎಂಬುದಾದರೂ
ಸಾರು ಕಲಕುತ್ತಲೇ ತಿಳಿಯುತ್ತಿತ್ತು.
ಅದರಲ್ಲಿ ನನಗೆ ಸಿಗುವುದು ಕಡಿಮೆ.
ಅದಕ್ಕೇ ಹೇಳಿರಲಿಲ್ಲ.

ಈ ಸಲ ಎರಡನ್ನೂ ಒಯ್ದೆ.
ಮೀಟರಿಗೆ ದುಡ್ಡು ಬೇಡವೆಂದೆ. ಅವಳು ಯಾಕೆಂದು ಕೇಳಲಿಲ್ಲ.
ತಮ್ಮನ ಮಗ ಬಿಟ್ಟುಹೋದ, ಗಾಜು ಸೀಳಿದ ಫೋನನ್ನು
ಬ್ಯಾಟರಿಯ ಪಕ್ಕದ ಮೊಳೆಗೇ ನೇತುಹಾಕಿದಳು.
ಅದಕ್ಕೂ ಊಟ ಅದೇ ಬ್ಯಾಟರಿಯಿಂದ.
ಕಣಜ ಕಾಯುವವನು ಕಣಜದಲ್ಲೇ ಉಂಡಂತೆ.

ಹೊಸ ಪೆಟ್ಟಿಗೆ ಹೆಸರು ಕೇಳಿತು.
ಮೀನಿನ ಹುರುಪೆ ಅಂಟಿದ ಒಂದೇ ಬೆರಳಲ್ಲಿ
ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು:
ಬೌದೀಲಿಯೊ.
"ಅವನೂ ಹಾಗೆಯೇ," ಅಂದಳು,
"ಬೆಳಿಗ್ಗೆ ಸೌದೆ ಒಡೆದಿದ್ದ."

ಉಳಿದ ಬಾಕಿಗೆ ಒಂದು ಚೀಲ ನೇರಳೆ ಆಲೂಗಡ್ಡೆ.
ಹೊತ್ತುಕೊಂಡು ಹಲಗೆಹಾದಿ ಇಳಿಯುವಾಗ
ಜೇಬಿನಲ್ಲಿ ನನ್ನ ಫೋನು ನಡುಗಿತು.
ಪರೀಕ್ಷೆಗೆಂದು ಜೋಡಿಸಿಕೊಂಡಿದ್ದೆ, ಅಳಿಸಲು ಮರೆತಿದ್ದೆ:
ಬೌದೀಲಿಯೊ ಸಂಪರ್ಕದಲ್ಲಿಲ್ಲ.

ಹಿಂತಿರುಗಿ ನೋಡಿದೆ.
ಕಿಟಕಿಯಲ್ಲಿ ಬೆಳಕಿತ್ತು,
ಎಂದಿನಷ್ಟೇ ಬೆಳಕು.
ಅದರಿಂದ ಏನೂ ತಿಳಿಯುವಂತಿರಲಿಲ್ಲ.